ಹಿಮದ ಬೆಟ್ಟದಲ್ಲಿ ಸ್ಕೀ ಟೂರಿಂಗ್: ಹುಬ್ಬಳ್ಳಿ-ಧಾರವಾಡ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ನಾಲ್ಕು ಚಳಿಗಾಲದಿಂದ ಕಾಶ್ಮೀರದ ಗುಲ್ಮರ್ಗಕ್ಕೆ ಹೋಗಿ ಬರುತ್ತಿದ್ದೇನೆ. ಊರಿಗೆ ವಾಪಸ್ ಬಂದಾಗ ಮೂಗಿನ ಮೇಲೆ ಚರ್ಮ ಸುಲಿದಿರುತ್ತದೆ, ಕಣ್ಣಿನ ಸುತ್ತ ಕನ್ನಡಕದ ಗುರುತು ಇರುತ್ತದೆ. ಅದನ್ನು ನೋಡಿದ ಕೂಡಲೇ ಪ್ರಶ್ನೆಗಳು ಶುರು. ಮದುವೆ ಮನೆಯಲ್ಲಿ, ಉಣಕಲ್ ಕೆರೆ ದಂಡೆಯ ಮೇಲೆ, ಆಫೀಸಿನ ಊಟದ ಹೊತ್ತಿನಲ್ಲಿ ಎಲ್ಲರೂ ಹೆಚ್ಚುಕಡಿಮೆ ಅವೇ ಮಾತು ಕೇಳುತ್ತಾರೆ. ಗದಗ, ಹಾವೇರಿಯಿಂದಲೂ ಕೆಲವು ಹುಡುಗ ಹುಡುಗಿಯರು ಫೋನ್ ಮಾಡಿ ಕೇಳಿದ್ದಾರೆ. ಎಲ್ಲಕ್ಕೂ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಸ್ಕೀ ಟೂರಿಂಗ್ ಅಂದರೇನು? ಟಿವಿಯಲ್ಲಿ ತೋರಿಸುವ ಸ್ಕೀಯಿಂಗೇ ಅಲ್ವಾ?

ಅಲ್ಲ. ಟಿವಿಯಲ್ಲಿ ಕಾಣುವುದು ಗೊಂಡೊಲಾ ಎಂಬ, ತಂತಿಯ ಮೇಲೆ ಸಾಗುವ ತೊಟ್ಟಿಲಲ್ಲಿ ಕೂತು ಮೇಲೆ ಹೋಗಿ, ಯಂತ್ರ ಓಡಿಸಿ ಸಪಾಟು ಮಾಡಿದ ಹಿಮದ ಮೇಲೆ ಕೆಳಗೆ ಜಾರುವ ಆಟ. ಟೂರಿಂಗ್‌ನಲ್ಲಿ ಮೇಲಕ್ಕೆ ಒಯ್ಯುವವರು ಯಾರೂ ಇಲ್ಲ. ಸ್ಕೀ ಕಟ್ಟಿಕೊಂಡೇ ನಮ್ಮ ಕಾಲಿನಿಂದ ಹತ್ತಬೇಕು. ಮೇಲೆ ಹೋದ ಮೇಲೆ, ಯಾರೂ ಹದ ಮಾಡದ, ಕಾವಲು ಇಲ್ಲದ ಇಳಿಜಾರಿನಲ್ಲಿ ದಾರಿ ನೋಡಿಕೊಂಡು ಇಳಿಯಬೇಕು. ಆರು ತಾಸು ಹತ್ತಿದರೆ ಜಾರುವುದು ಮುಕ್ಕಾಲು ತಾಸು. ಈ ಲೆಕ್ಕ ಕೇಳಿ ನಿಮಗೆ ಬೇಸರ ಆದರೆ ಗೊಂಡೊಲಾ ಹತ್ತಿ ಸ್ಕೀ ಮಾಡಿ, ಅದೂ ತುಂಬಾ ಚೆನ್ನಾಗಿರುತ್ತದೆ. ಲೆಕ್ಕ ಕೇಳಿ ಆಸೆ ಹುಟ್ಟಿದರೆ ಮುಂದೆ ಓದಿ.

ಜಾರುವ ಹಲಗೆ ಕಟ್ಟಿಕೊಂಡು ಮೇಲೆ ಹತ್ತುವುದು ಹೇಗೆ? ಹಿಂದಕ್ಕೆ ಜಾರುವುದಿಲ್ಲವೇ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಇರುವುದು ಸ್ಕಿನ್ ಎಂಬ ಒಂದು ಪಟ್ಟಿಯಲ್ಲಿ.

ಸ್ಕೀಯಷ್ಟೇ ಉದ್ದ, ಅಷ್ಟೇ ಅಗಲದ ಬಟ್ಟೆಯ ಪಟ್ಟಿ ಅದು. ಒಂದು ಬದಿಗೆ ಅಂಟು, ಇನ್ನೊಂದು ಬದಿಗೆ ಮಖಮಲ್ಲಿನಂತೆ ಒತ್ತಾದ ಕೂದಲು. ಕೂದಲೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತದೆ. ಎಮ್ಮೆಯ ಬೆನ್ನ ಮೇಲೆ ತಲೆಯಿಂದ ಬಾಲದ ಕಡೆ ಕೈ ಆಡಿಸಿ, ನುಣ್ಣಗೆ ಹೋಗುತ್ತದೆ. ತಿರುಗಿ ಬಾಲದಿಂದ ತಲೆ ಕಡೆ ತನ್ನಿ, ಕೂದಲು ಎದ್ದು ತಡೆಯುತ್ತದೆ. ಇಲ್ಲೂ ಹಾಗೆಯೇ. ಮುಂದೆ ತಳ್ಳಿದರೆ ಸ್ಕೀ ಜಾರುತ್ತದೆ, ಹಿಂದೆ ಬರಲು ಹೋದರೆ ಕೂದಲು ಹಿಮವನ್ನು ಕಚ್ಚುತ್ತದೆ. ಹಿಂದೆ ಸೀಲ್ ಎಂಬ ಸಮುದ್ರಪ್ರಾಣಿಯ ತೊಗಲನ್ನೇ ಕಟ್ಟುತ್ತಿದ್ದರು, ಸ್ಕಿನ್ ಎಂಬ ಹೆಸರು ಅಲ್ಲಿಂದ ಬಂತು. ಈಗ ನೈಲಾನ್ ಅಥವಾ ಅಂಗೋರಾ ಆಡಿನ ಕೂದಲಾದ ಮೊಹೇರ್ ಬಳಸುತ್ತಾರೆ.

ಬೂಟನ್ನು ಸ್ಕೀಗೆ ಹಿಡಿಯುವ ಬೈಂಡಿಂಗ್ ಕೂಡ ಬೇರೆ ತರಹದ್ದು. ಹತ್ತುವಾಗ ಬೂಟಿನ ತುದಿಯನ್ನು ಎರಡು ಪಿನ್ನುಗಳು ಹಿಡಿದಿರುತ್ತವೆ, ಹಿಮ್ಮಡಿ ಬಿಟ್ಟಿರುತ್ತದೆ. ನಡೆಯುವಾಗ ಹೇಗೆ ಹಿಮ್ಮಡಿ ಏಳುತ್ತದೋ ಹಾಗೆ. ಇಳಿಯುವಾಗ ಹಿಮ್ಮಡಿಯನ್ನೂ ಲಾಕ್ ಮಾಡಬೇಕು. ಕಾಲು ಎತ್ತಿ ಎತ್ತಿ ಇಡಬಾರದು. ಎಳೆಯಬೇಕು. ಹೊಸಬರು ಎತ್ತಿ ಇಡುತ್ತಾರೆ, ಒಂದು ತಾಸಿಗೇ ತೊಡೆ ಬಿಗಿದು ಹೋಗುತ್ತದೆ.

ಕೂರಿಗೆ ಹೊಡೆದ ಹೊಲದಂತೆ ಹಿಂದೆ ಎರಡು ಸಾಲು ಉಳಿಯುತ್ತವೆ. ಮುಂದಿನವರ ಸಾಲಿನಲ್ಲೇ ಹಿಂದಿನವರು ಬರುತ್ತಾರೆ. ಬೆಳಗಿನ ನಿಶ್ಶಬ್ದದಲ್ಲಿ ಸರ್, ಸರ್ ಅಂತ ಸ್ಕಿನ್ ಎಳೆದ ಸದ್ದು, ಅದರ ಜೊತೆ ನಿಮ್ಮದೇ ಉಸಿರು. ತಾಸುಗಟ್ಟಲೆ ಇಷ್ಟೇ. ನನಗೆ ಇಳಿಯುವುದಕ್ಕಿಂತ ಇದೇ ಜಾಸ್ತಿ ಇಷ್ಟ.

ಹಿಮವನ್ನೇ ಕಾಣದ ನಮ್ಮ ಕಡೆಯವರಿಗೆ ಇದು ಆಗುತ್ತದೆಯೇ?

ಆಗುತ್ತದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಹಿಮದ ಓಟದ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಕೊಡಗಿನಲ್ಲೂ ಹಿಮ ಬೀಳುವುದಿಲ್ಲ, ಅಲ್ವಾ?

ಆದರೆ ಒಂದು ಮಾತು ನಿಜ. ಗುಲ್ಮರ್ಗದ ಮಕ್ಕಳು ನಡೆಯಲು ಕಲಿಯುವಾಗಲೇ ಹಿಮ ತುಳಿಯುತ್ತಾರೆ. ನಾವು ಮೂವತ್ತನೇ ವಯಸ್ಸಿನಲ್ಲಿ ಶುರು ಮಾಡುತ್ತೇವೆ. ಅವರು ಒಂದು ವಾರದಲ್ಲಿ ಕಲಿತದ್ದಕ್ಕೆ ನಮಗೆ ಒಂದು ತಿಂಗಳು ಬೇಕು. ಅದನ್ನು ಒಪ್ಪಿಕೊಂಡು ಹೊರಟರೆ ಏನೂ ತೊಂದರೆ ಇಲ್ಲ.

ಮೊದಲು ಏನು ಕಲಿಯಬೇಕು? ಎಲ್ಲಿ?

ಮೊದಲು ಸಾದಾ ಸ್ಕೀಯಿಂಗ್. ಟೂರಿಂಗ್‌ಗೆ ನೇರ ಹಾರಬೇಡಿ. ನಿಲ್ಲುವುದು, ತಿರುಗುವುದು, ಬಿದ್ದು ಏಳುವುದು ಕೈವಶ ಆಗದೆ ಕಾವಲಿಲ್ಲದ ಬೆಟ್ಟಕ್ಕೆ ಹೋದರೆ ಜೊತೆಗಿದ್ದವರಿಗೂ ಆಪತ್ತು ತಂದಂತೆ.

ಗುಲ್ಮರ್ಗದಲ್ಲಿ ಕೇಂದ್ರ ಸರ್ಕಾರದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ, ಅವರು ಸೋಲಂಗ್ ಇಳಿಜಾರಿನಲ್ಲಿ ಕಲಿಸುತ್ತಾರೆ. ಉತ್ತರಾಖಂಡದ ಔಲಿಯಲ್ಲೂ ಕೋರ್ಸುಗಳು ನಡೆಯುತ್ತವೆ. ಸರ್ಕಾರಿ ಸಂಸ್ಥೆಗಳಲ್ಲಿ ಊಟ, ವಸತಿ, ಸಲಕರಣೆ ಸೇರಿ ಶುಲ್ಕ ಖಾಸಗಿಗಿಂತ ಬಹಳ ಕಡಿಮೆ. ಸೀಟು ಬೇಗ ತುಂಬುತ್ತವೆ, ದಸರಾ ದೀಪಾವಳಿ ಹೊತ್ತಿಗೇ ಅರ್ಜಿ ಹಾಕಿಬಿಡಿ.

ನನ್ನ ಸಲಹೆ: ಮೊದಲ ಚಳಿಗಾಲ ಬುನಾದಿ ಕೋರ್ಸ್, ಎರಡನೆಯದು ಗಟ್ಟಿ ಅಭ್ಯಾಸ, ಮೂರನೆಯದರಲ್ಲಿ ಗೈಡ್ ಜೊತೆ ಸಣ್ಣ ಟೂರ್. ಅವಸರ ಬೇಡ.

ಹುಬ್ಬಳ್ಳಿಯಲ್ಲಿದ್ದುಕೊಂಡೇ ತಯಾರಿ ಹೇಗೆ?

ಇಲ್ಲಿ ಹಿಮ ಇಲ್ಲ, ಆದರೆ ಹತ್ತಲು ಬೇಕಾದಷ್ಟು ಜಾಗ ಇದೆ. ಟೂರಿಂಗ್‌ಗೆ ಬೇಕಾದುದು ತಾಸುಗಟ್ಟಲೆ ನಿಧಾನವಾಗಿ ಹತ್ತುವ ಶಕ್ತಿ. ಓಡುವ ವೇಗ ಅಲ್ಲ.

ನಾನು ಆಗಸ್ಟ್‌ನಿಂದ ಶುರು ಮಾಡುತ್ತೇನೆ. ವಾರದಲ್ಲಿ ಮೂರು ದಿನ ಬೆಳಿಗ್ಗೆ ನೃಪತುಂಗ ಬೆಟ್ಟ. ಬೆನ್ನಿನ ಚೀಲದಲ್ಲಿ ನೀರಿನ ಬಾಟಲಿ ತುಂಬಿಕೊಂಡು ಹತ್ತುತ್ತೇನೆ, ಮೇಲೆ ಹೋಗಿ ನೀರು ಗಿಡಕ್ಕೆ ಹಾಕಿ ಖಾಲಿ ಚೀಲದಲ್ಲಿ ಇಳಿಯುತ್ತೇನೆ. ಇಳಿಯುವಾಗ ಮೊಣಕಾಲಿಗೆ ಭಾರ ಬೀಳಬಾರದು, ಅದಕ್ಕೆ. ಒಂದು ಸಲ ಹತ್ತಿದರೆ ಏನೂ ಅಲ್ಲ. ಆರು, ಏಳು ಸಲ ಹತ್ತಿ ಇಳಿದಾಗ ಟೂರಿಂಗ್ ದಿನದ ದಣಿವು ಹೇಗಿರುತ್ತದೆ ಎಂದು ಸ್ವಲ್ಪ ಗೊತ್ತಾಗುತ್ತದೆ.

ತಿಂಗಳಿಗೊಮ್ಮೆ ಗದಗ ಜಿಲ್ಲೆಯ ಕಪ್ಪತಗುಡ್ಡ. ಅದು 2019ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಒಪ್ಪಿಗೆ ಇರುವ ದಾರಿಯಲ್ಲೇ ಹೋಗಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಅಲ್ಲಿಯ ಗಾಳಿ ಜೋರು. ಎದುರುಗಾಳಿಯಲ್ಲಿ ತಲೆ ತಗ್ಗಿಸಿ ಒಂದೇ ಗತಿಯಲ್ಲಿ ನಡೆಯುವುದನ್ನು ನಾನು ಕಲಿತದ್ದು ಕಪ್ಪತಗುಡ್ಡದಲ್ಲಿ.

ಮನೆಯಲ್ಲಿ ಬಸ್ಕಿ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು, ಒಂದೇ ಕಾಲಿನ ಮೇಲೆ ನಿಂತು ಹಲ್ಲುಜ್ಜುವುದು. ಸ್ಕೇಟಿಂಗ್ ಬಂದರೆ ಇನ್ನೂ ಒಳ್ಳೆಯದು, ಮೈ ತೂಗಿಸಿ ತಿರುಗುವ ಅಂದಾಜು ಸಿಗುತ್ತದೆ.

ಟೂರಿಂಗ್‌ನ ಒಂದು ಇಡೀ ದಿನ ಹೇಗಿರುತ್ತದೆ?

ಕಳೆದ ಫೆಬ್ರವರಿಯ ಒಂದು ದಿನ ಹೇಳುತ್ತೇನೆ. ಹೋದವರು ನಾವು ನಾಲ್ವರು, ಜೊತೆಗೆ ಗುಲ್ಮರ್ಗದ ಕೆಳಗಿನ ಊರಾದ ತಂಗ್‌ಮರ್ಗದ ಒಬ್ಬ ಗೈಡ್. ಐದು ದಿನ ಮೊದಲು ಹಿಮ ಬಿದ್ದಿತ್ತು, ಆಮೇಲೆ ಆಕಾಶ ತಿಳಿಯಾಗಿತ್ತು.

ನಾಲ್ಕೂವರೆಗೆ ಎದ್ದೆವು. ಮೊದಲ ಕೆಲಸ ಬೂಟಿನ ಒಳಪದರವನ್ನು ಬುಖಾರಿಯ (ಕೋಣೆ ಕಾಯಿಸುವ ಒಲೆ) ಹತ್ತಿರ ಬೆಚ್ಚಗೆ ಮಾಡುವುದು. ತಣ್ಣಗಿನ ಬೂಟು ಕಾಲಿಗೆ ಏರುವುದೇ ಇಲ್ಲ. ಚಹಾ, ಎರಡು ಬಿಸಿ ರೊಟ್ಟಿ, ಮೊಟ್ಟೆ. ಹೊರಗೆ ಬಂದಾಗ ಇನ್ನೂ ಕತ್ತಲು, ಹಿಮ ಕಾಲ ಕೆಳಗೆ ಕರಕರ ಅನ್ನುತ್ತಿತ್ತು. ಹಿಮ ಹಾಗೆ ಸದ್ದು ಮಾಡಿದರೆ ಚಳಿ ಚೆನ್ನಾಗಿದೆ ಎಂದು ಅರ್ಥ.

ಆರು ಗಂಟೆಗೆ ಬೀಕನ್ ಪರೀಕ್ಷೆ. ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ ಸಣ್ಣ ಯಂತ್ರ ಅದು. ಗೈಡ್ ಮುಂದೆ ಹೋಗಿ ನಿಲ್ಲುತ್ತಾರೆ, ಒಬ್ಬೊಬ್ಬರೇ ಅವರನ್ನು ದಾಟಿ ಹೋಗಬೇಕು. ನಿಮ್ಮ ಯಂತ್ರ ಸಂಕೇತ ಕಳಿಸುತ್ತಿದೆಯೋ ಇಲ್ಲವೋ ಅವರ ಯಂತ್ರ ಹೇಳುತ್ತದೆ. ಇದು ಮುಗಿಯದೆ ಒಂದು ಹೆಜ್ಜೆಯೂ ಇಲ್ಲ.

ಗುಲ್ಮರ್ಗ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ನಾವು ಮುಟ್ಟಬೇಕಿದ್ದ ಅಫರ್ವತ್ ಬೆಟ್ಟದ ಏಣು, ಅಂದರೆ ನೆತ್ತಿಯ ಅಂಚು, 3,900ರ ಆಸುಪಾಸು. ಅಂದರೆ 1,250 ಮೀಟರ್ ಏರಬೇಕು. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಅದನ್ನು ನೆಟ್ಟಗೆ ನಿಲ್ಲಿಸಿದರೆ ಮುಕ್ಕಾಲಿಗಿಂತ ಮೇಲೆ ಹತ್ತಿದ ಹಾಗೆ. ರೂಢಿ ಇದ್ದವರು ತಾಸಿಗೆ 300ರಿಂದ 400 ಮೀಟರ್ ಏರುತ್ತಾರೆ. ನಮ್ಮ ಗತಿ 230.

ಮೊದಲ ಎರಡು ತಾಸು ಫರ್ ಮತ್ತು ಪೈನ್ ಮರಗಳ ನಡುವೆ. ಗೈಡ್ ಹೇಳಿದ್ದು ಒಂದೇ ಮಾತು, "ಆರಾಮ್ ಸೇ". ಬೆವರಬಾರದು, ಅದು ನಿಯಮ. ಬೆವರಿದರೆ ನಿಂತಾಗ ಅದೇ ಮೈಮೇಲೆ ತಣ್ಣಗಾಗುತ್ತದೆ. ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ ಇರಬೇಕು. ಏಳೂಕಾಲಿನ ಹೊತ್ತಿಗೆ ಮರದ ತುದಿಗಳಿಗೆ ಬಿಸಿಲು ಬಂತು. ಕೊಂಬೆಯಿಂದ ಒಂದು ಹಿಡಿ ಹಿಮ ಜಾರಿ ನನ್ನ ಕುತ್ತಿಗೆಯೊಳಗೆ ಬಿತ್ತು.

ಖಿಲನ್‌ಮರ್ಗ್ ಎಂಬ ಹುಲ್ಲುಗಾವಲು ದಾಟಿದ ಮೇಲೆ ಮರಗಳು ಮುಗಿಯುತ್ತವೆ, ಇಳಿಜಾರು ಕಡಿದಾಗುತ್ತದೆ. ಅಲ್ಲಿ ನೇರ ಹತ್ತಲಾಗದು. ಓರೆಯಾಗಿ ಆ ಕಡೆ ಹೋಗಿ, ತಿರುಗಿ ಈ ಕಡೆ ಬರಬೇಕು. ಪ್ರತಿ ತಿರುವಿನಲ್ಲೂ ಒಂದು ಕಾಲಿನ ಮೇಲೆ ನಿಂತು ಇನ್ನೊಂದು ಸ್ಕೀಯನ್ನು ಎತ್ತಿ ಹೊಸ ದಿಕ್ಕಿಗೆ ಇಟ್ಟು, ಹಿಂದಿನ ಕಾಲನ್ನು ಒದ್ದಂತೆ ಝಾಡಿಸಿ ತರಬೇಕು. ಕಿಕ್ ಟರ್ನ್ ಎನ್ನುತ್ತಾರೆ. ನೋಡಲು ಸುಲಭ. ಕೆಳಗೆ 300 ಮೀಟರ್ ಇಳಿಜಾರು ಕಾಣುವಾಗ ಅಷ್ಟು ಸುಲಭ ಅನ್ನಿಸುವುದಿಲ್ಲ. ಊರಲ್ಲಿ ಇದನ್ನು ಅಂಗಳದಲ್ಲಿ ನೂರಾರು ಸಲ ಮಾಡಿದ್ದೆ, ಅದೇ ಕಾಪಾಡಿತು.

ಹನ್ನೊಂದೂವರೆಗೆ ಏಣಿನ ಮೇಲಿದ್ದೆವು. ಉತ್ತರಕ್ಕೆ ದೂರದಲ್ಲಿ ನಂಗಾ ಪರ್ಬತ್, 8,126 ಮೀಟರ್, ಒಂಟಿಯಾಗಿ ಬೆಳ್ಳಗೆ. ನಾನು ಏನೂ ಮಾತಾಡಲಿಲ್ಲ. ಫೋಟೋ ತೆಗೆಯಲು ಕೈಗವಸು ತೆಗೆದರೆ ಬೆರಳು ಒಂದು ನಿಮಿಷಕ್ಕೇ ಮರಗಟ್ಟಿತು.

ಅಲ್ಲಿ ಹತ್ತು ನಿಮಿಷದ ಕೆಲಸ. ಸ್ಕಿನ್ ಕಿತ್ತು, ಅಂಟಿಗೆ ಅಂಟು ಸೇರುವಂತೆ ಮಡಚಿ, ಜಾಕೆಟ್ ಒಳಗೆ ಎದೆಯ ಹತ್ತಿರ ಇಡಬೇಕು. ಮೊದಲ ವರ್ಷ ನಾನು ಚೀಲದಲ್ಲಿಟ್ಟಿದ್ದೆ. ಅಂಟು ಸೆಡೆತು, ಎರಡನೇ ಸಲ ಹತ್ತುವಾಗ ಸ್ಕಿನ್ ಅರ್ಧ ದಾರಿಯಲ್ಲಿ ಬಿಚ್ಚಿ ಬಂತು. ಸ್ಕೀ ಹೆಗಲ ಮೇಲೆ ಹೊತ್ತು ತೊಡೆಮಟ್ಟ ಹಿಮದಲ್ಲಿ ಎರಡು ತಾಸು ನಡೆದೆ. ಆ ದಿನದಿಂದ ಸ್ಕಿನ್‌ನ ಜಾಗ ಎದೆ. ಆಮೇಲೆ ಬೂಟಿನ ಬಕಲ್ ಬಿಗಿ, ಹಿಮ್ಮಡಿ ಲಾಕ್, ಹೆಲ್ಮೆಟ್.

ಇಳಿಯುವಾಗ ಒಬ್ಬೊಬ್ಬರೇ. ಒಬ್ಬರು ಇಳಿದು ಗೈಡ್ ತೋರಿಸಿದ ಸುರಕ್ಷಿತ ಜಾಗದಲ್ಲಿ ನಿಂತು ಕೈ ಎತ್ತಿದ ಮೇಲೆ ಮುಂದಿನವರು. ನೆರಳಿನ ಬದಿಯಲ್ಲಿ ಹಿಮ ಇನ್ನೂ ಒಣಗಿ ಹಗುರವಾಗಿತ್ತು, ಜರಡಿ ಹಿಡಿದ ಜೋಳದ ಹಿಟ್ಟಿನಂತೆ. ಸ್ಕೀ ಅದರೊಳಗೆ ಮುಳುಗಿ ಏಳುತ್ತದೆ, ಮೊಣಕಾಲಿನವರೆಗೆ ಪುಡಿ ಹಾರುತ್ತದೆ. ಸದ್ದೇ ಇಲ್ಲ. ಹನ್ನೆರಡು ತಿರುವು ಎಣಿಸಿದೆ, ಆಮೇಲೆ ಎಣಿಸುವುದು ಮರೆತೆ.

ಕೆಳಗಿನ ಕಾಡಿನಲ್ಲಿ ಹಿಮ ಭಾರವಾಗಿತ್ತು, ಕಾಲು ಸೋತಿತ್ತು, ಎರಡು ಸಲ ಬಿದ್ದೆ. ಆ ವರ್ಷ ತಂಗ್‌ಮರ್ಗದವರೆಗೂ ಹಿಮ ಇತ್ತು, ಹಾಗಾಗಿ ಮನೆಗಳ ಹಿತ್ತಲಿನವರೆಗೆ ಸ್ಕೀ ಮೇಲೇ ಬಂದೆವು. ಎರಡು ಗಂಟೆಗೆ ಒಂದು ಸಣ್ಣ ಅಂಗಡಿಯಲ್ಲಿ ಕೂತು ಕಹ್ವಾ ಕುಡಿದೆವು, ಬಾದಾಮಿ ಚೂರು ಕೇಸರಿ ಹಾಕಿದ್ದು. ಗಾಡಿ ಹಿಡಿದು ಮತ್ತೆ ಗುಲ್ಮರ್ಗಕ್ಕೆ ಹದಿಮೂರು ಕಿಲೋಮೀಟರ್. ರಾತ್ರಿ ಎಂಟಕ್ಕೇ ನಿದ್ದೆ.

ಹಿಮಕುಸಿತದ ಭಯ ಇಲ್ಲವೇ?

ಇದೆ, ಇರಲೇಬೇಕು. ಇದರ ಬಗ್ಗೆ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

2023ರ ಫೆಬ್ರವರಿ 1ರಂದು ಅಫರ್ವತ್ ಇಳಿಜಾರಿನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯಿಗರು ತೀರಿಕೊಂಡರು. 2024ರ ಫೆಬ್ರವರಿ 22ರಂದು ಅದೇ ಬೆಟ್ಟದಲ್ಲಿ ರಷ್ಯಾದ ಒಬ್ಬರು. ಸ್ಕೀಯಿಂಗ್ ಚೆನ್ನಾಗಿ ಬರುವವರಿಗೂ ಹೀಗಾಗುತ್ತದೆ. ಕುಸಿತಕ್ಕೂ ನಿಮ್ಮ ಕೌಶಲಕ್ಕೂ ಸಂಬಂಧ ಇಲ್ಲ.

ಹಿಮ ಒಂದೇ ರಾಶಿ ಅಲ್ಲ, ಪದರ ಪದರ. ಪ್ರತಿ ಸಲ ಬಿದ್ದ ಹಿಮ ಒಂದು ಪದರ. ಚಳಿ ಬಹಳ ದಿನ ಹಿಡಿದರೆ ಕೆಳಗಿನ ಪದರ ಸಕ್ಕರೆ ಹರಳಿನಂತೆ ಬಿಡಿಬಿಡಿ ಆಗುತ್ತದೆ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಪದರ ಕೂರುತ್ತದೆ. ಜೋಳದ ಕಾಳು ಹರಡಿ ಅದರ ಮೇಲೆ ಕಡಪಾ ಕಲ್ಲು ಇಡಿ. ನೆಲ ಸಪಾಟಾಗಿದ್ದರೆ ಕಲ್ಲು ಕದಲುವುದಿಲ್ಲ. ನೆಲವನ್ನು ನಿಧಾನಕ್ಕೆ ಓರೆ ಮಾಡುತ್ತಾ ಹೋಗಿ. ಒಂದು ಹಂತದಲ್ಲಿ ಬೆರಳು ತಾಗಿಸಿದರೆ ಸಾಕು, ಕಲ್ಲು ಪೂರ್ತಿ ಜಾರುತ್ತದೆ. ಬೆಟ್ಟದ ಮೇಲೆ ಆ ಬೆರಳು ನಾವು. ಹಿಮಕುಸಿತದಲ್ಲಿ ಸಿಕ್ಕಿಕೊಂಡವರಲ್ಲಿ ಹೆಚ್ಚಿನವರು ತಾವು ಅಥವಾ ತಮ್ಮ ಜೊತೆಗಿದ್ದವರು ಎಬ್ಬಿಸಿದ ಕುಸಿತದಲ್ಲೇ ಸಿಕ್ಕಿಕೊಂಡವರು.

ಇಂಥ ಕುಸಿತ ಜಾಸ್ತಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಮ್ಮ ಮನೆಗಳ ಮೆಟ್ಟಿಲು ಸಾಮಾನ್ಯವಾಗಿ 30 ಡಿಗ್ರಿ ದಾಟಿರುತ್ತದೆ. ಮಹಡಿಯ ಮೆಟ್ಟಿಲಿನಷ್ಟು ಕಡಿದು ಎಂದಾಗ ಎಚ್ಚರ ಆಗಬೇಕು. ಸ್ಕೀ ಮಾಡಲು ಮಜಾ ಕೊಡುವ ಇಳಿಜಾರೂ ಅದೇ, ಅಲ್ಲೇ ಇರುವುದು ಕಷ್ಟ.

ಗಮನಿಸಬೇಕಾದ ಗುರುತುಗಳಿವೆ. ಹೊಸ ಹಿಮ ಜೋರಾಗಿ ಬಿದ್ದ ಮೊದಲ ಒಂದೆರಡು ದಿನ. ಏಣಿನ ಮೇಲೆ ಗಾಳಿ ಹಿಮ ಹಾರಿಸುತ್ತಿರುವುದು. ಒಮ್ಮೆಲೇ ಸೆಕೆ ಏರಿದ ಮಧ್ಯಾಹ್ನ. ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತದ ಗುರುತು. ಎಲ್ಲಕ್ಕಿಂತ ದೊಡ್ಡದು, ಹಿಮದ ಮೇಲೆ ಹೆಜ್ಜೆ ಇಟ್ಟಾಗ ನೆಲದೊಳಗಿಂದ "ಧುಪ್" ಅಂತ ಸದ್ದು ಬರುವುದು. ಕೆಳಗಿನ ಬಿಡಿ ಪದರ ಕುಸಿದ ಸದ್ದು ಅದು. ನಾನು ಒಮ್ಮೆ ಕೇಳಿದ್ದೇನೆ. ಸಪಾಟು ಜಾಗದಲ್ಲಿದ್ದೆವು, ಏನೂ ಆಗಲಿಲ್ಲ. ಆದರೆ ಕಾಲ ಕೆಳಗಿನ ಇಡೀ ಬಯಲು ಒಂದು ಬೆರಳಷ್ಟು ಕೂತ ಅನುಭವ ಈಗಲೂ ಅಂಗಾಲಿನಲ್ಲಿದೆ. ಗೈಡ್ ಒಂದು ಮಾತೂ ಆಡದೆ ತಿರುಗಿದರು, ನಾವೂ ತಿರುಗಿದೆವು.

ಹೊರಡುವ ಮೊದಲು ರಕ್ಷಣಾ ಇಲಾಖೆಯ ಡಿಜಿಆರ್‌ಇ ಸಂಸ್ಥೆ ಕೊಡುವ ಹಿಮಕುಸಿತದ ಮುನ್ನೆಚ್ಚರಿಕೆ ನೋಡಿ. ಗುಲ್ಮರ್ಗದಲ್ಲಿ ಗೊಂಡೊಲಾದ ಸುತ್ತಲಿನ ಒಂದು ಭಾಗವನ್ನು ಮಾತ್ರ ಸ್ಕೀ ಗಸ್ತಿನವರು ನೋಡಿಕೊಳ್ಳುತ್ತಾರೆ. ಆ ಭಾಗದ ಗಡಿಗೆ ಕಟ್ಟಿದ ಹಗ್ಗ ದಾಟಿದರೆ ಹೊಣೆ ಪೂರ್ತಿ ನಿಮ್ಮದು.

ಬೀಕನ್, ಪ್ರೋಬ್, ಸಲಿಕೆ: ಮೂರೂ ಬೇಕೇ?

ಮೂರೂ ಬೇಕು, ಪ್ರತಿಯೊಬ್ಬರ ಹತ್ತಿರವೂ ಬೇಕು. ಬೀಕನ್ 457 ಕಿಲೋಹರ್ಟ್ಜ್‌ನಲ್ಲಿ ಸಂಕೇತ ಕಳಿಸುತ್ತದೆ, ಹೂತವರು ಎಲ್ಲಿದ್ದಾರೆಂದು ಹತ್ತಿರದವರೆಗೆ ಕರೆದೊಯ್ಯುತ್ತದೆ. ಪ್ರೋಬ್ ಎಂಬ ಉದ್ದನೆಯ ಮಡಚುವ ಕೋಲಿನಿಂದ ಚುಚ್ಚಿ ಆಳ ತಿಳಿಯಬೇಕು. ಆಮೇಲೆ ಅಗೆಯಬೇಕು. ಕುಸಿದು ನಿಂತ ಹಿಮ ಕಾಂಕ್ರೀಟಿನಂತೆ ಬಿಗಿಯುತ್ತದೆ, ಕೈಯಿಂದ ಆಗದು, ಪ್ಲಾಸ್ಟಿಕ್ ಸಲಿಕೆಯಿಂದಲೂ ಆಗದು. ಹೂತವರು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಸಿಕ್ಕರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ಆಮೇಲೆ ಸರ್ರನೆ ಇಳಿಯುತ್ತದೆ. ಅಷ್ಟರೊಳಗೆ ಹೊರಗಿನ ಸಹಾಯ ಬರುವುದಿಲ್ಲ. ನಿಮ್ಮನ್ನು ಅಗೆಯುವವರು ನಿಮ್ಮ ಗೆಳೆಯರೇ.

ಹಾಗಾಗಿ ಕೊಂಡರೆ ಸಾಲದು, ಹುಡುಕುವುದನ್ನು ಅಭ್ಯಾಸ ಮಾಡಿ. ನಾವು ಧಾರವಾಡದ ಒಂದು ಖಾಲಿ ಮೈದಾನದಲ್ಲಿ ಬೀಕನ್ ಒಂದನ್ನು ಹುಲ್ಲಿನಲ್ಲಿ ಬಚ್ಚಿಟ್ಟು ಗಡಿಯಾರ ಹಿಡಿದು ಹುಡುಕುತ್ತೇವೆ. ಮೊದಲ ಸಲ ಹನ್ನೊಂದು ನಿಮಿಷ ಬೇಕಾಯಿತು. ಈಗ ಮೂರು.

ಮೊಬೈಲನ್ನು ಬೀಕನ್‌ನಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇಡಿ, ಹುಡುಕುವಾಗ 50. ಬಾಡಿಗೆಗೆ ತಂದರೆ ಮುಚ್ಚಳ ತೆಗೆದು ನೋಡಿ. ಒಂದು ಅಂಗಡಿಯವರು ನನಗೆ ಕೊಟ್ಟ ಬೀಕನ್‌ನಲ್ಲಿ ಹಳೆಯ ಸೆಲ್ ಸೋರಿ ಹಸಿರು ಕಿಲುಬು ಹಿಡಿದಿತ್ತು. ಬೆಳಗಿನ ಪರೀಕ್ಷೆ ಮಾಡಿದ್ದರಿಂದ ಗೊತ್ತಾಯಿತು.

ಮೊಬೈಲ್ ಸಿಗ್ನಲ್ ಸಿಗುತ್ತದೆಯೇ?

ಕೆಲವು ಕಡೆ ಮಾತ್ರ. ನಮ್ಮ ಊರಿನ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ವಿದೇಶದಿಂದ ಯಾರಾದರೂ ಸ್ಯಾಟಲೈಟ್ ಫೋನ್ ತಂದುಕೊಟ್ಟರೆ ಒಯ್ಯಬೇಡಿ. ಸರ್ಕಾರದ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ.

ಬಟ್ಟೆ?

ಹತ್ತಿ ಬೇಡವೇ ಬೇಡ. ಒಳಬಟ್ಟೆಯಿಂದ ಹಿಡಿದು ಕಾಲುಚೀಲದವರೆಗೆ ಉಣ್ಣೆ ಅಥವಾ ಸಿಂಥೆಟಿಕ್. ಹತ್ತುವಾಗ ತೆಳ್ಳಗೆ, ನಿಂತಾಗ ದಪ್ಪ ಜಾಕೆಟ್. ಹೊರಡುವಾಗ ಸ್ವಲ್ಪ ಚಳಿ ಆಗುತ್ತಿದ್ದರೆ ಬಟ್ಟೆ ಸರಿಯಾಗಿದೆ ಎಂದು ತಿಳಿಯಿರಿ. ಕೈಗವಸು ಎರಡು ಜೋಡಿ. ಕಪ್ಪು ಕನ್ನಡಕ ಮರೆತರೆ ಆ ದಿನ ಹೊರಡಬೇಡಿ, ಹಿಮದ ಬೆಳಕಿಗೆ ಕಣ್ಣು ಸುಡುತ್ತದೆ. ಸನ್‌ಸ್ಕ್ರೀನ್ ಮೂಗಿನ ಕೆಳಗೂ ಗದ್ದದ ಕೆಳಗೂ ಹಚ್ಚಿ, ಬಿಸಿಲು ಕೆಳಗಿನಿಂದಲೂ ಬರುತ್ತದೆ.

ತಿನ್ನಲು ಏನು ಒಯ್ಯಬೇಕು?

ಇದರಲ್ಲಿ ನಮ್ಮ ಕಡೆಯವರು ಗೆದ್ದರು. ಪೇಟೆಯ ಎನರ್ಜಿ ಬಾರ್ ಚಳಿಗೆ ಕಲ್ಲಾಗುತ್ತದೆ, ಹಲ್ಲು ಊರುವುದಿಲ್ಲ. ಕಡಕ್ ಜೋಳದ ರೊಟ್ಟಿಯಲ್ಲಿ ನೀರಿನಂಶವೇ ಇಲ್ಲ, ಹೆಪ್ಪುಗಟ್ಟುವ ಮಾತೇ ಇಲ್ಲ. ಮನೆಯಿಂದ ಹೊರಡುವಾಗಲೇ ಚೂರು ಮಾಡಿ, ಶೇಂಗಾ ಚಟ್ನಿಪುಡಿ ಉದುರಿಸಿ ಸಣ್ಣ ಪೊಟ್ಟಣ ಕಟ್ಟಿ. ಕೈಗವಸು ಹಾಕಿಕೊಂಡೇ ತಿನ್ನಬಹುದು. ಅಂಟಿನ ಉಂಡಿ, ಶೇಂಗಾ ಉಂಡಿ ಎದೆ ಜೇಬಿನಲ್ಲಿಟ್ಟರೆ ಮೆತ್ತಗೆ ಉಳಿಯುತ್ತವೆ. ಧಾರವಾಡ ಪೇಡಾ ರಾತ್ರಿ ಕೋಣೆಗೆ ಸರಿ, ಬೆಟ್ಟದ ಮೇಲೆ ಗಂಟಲು ಒಣಗಿಸುತ್ತದೆ. ನಮ್ಮ ಗೈಡ್ ಅಂಟಿನ ಉಂಡಿ ತಿಂದು, ಮರುವರ್ಷ ಫೋನ್ ಮಾಡಿ, ಬರುವಾಗ ಅದನ್ನು ತನ್ನಿ ಎಂದರು.

ಮುಕ್ಕಾಲು ತಾಸಿಗೊಮ್ಮೆ ಎರಡು ತುತ್ತು ತಿನ್ನಿ. ಹಸಿವಾಗುವವರೆಗೆ ಕಾಯಬಾರದು. ನೀರಿಗೆ ಥರ್ಮಾಸ್ ಒಯ್ಯಿರಿ. ಕೊಳವೆ ಇರುವ ನೀರಿನ ಚೀಲ ಬೇಡ, ಕೊಳವೆಯಲ್ಲೇ ನೀರು ಹೆಪ್ಪುಗಟ್ಟುತ್ತದೆ.

ಹೆಣ್ಣುಮಕ್ಕಳಿಗೆ ತೊಂದರೆ ಆಗುವುದಿಲ್ಲವೇ?

ಶೌಚದ ಚಿಂತೆಯಿಂದ ನೀರು ಕುಡಿಯದೆ ಇರುತ್ತಾರೆ, ಅದೇ ದೊಡ್ಡ ತಪ್ಪು. ನೀರು ಕಮ್ಮಿಯಾದರೆ ತಲೆನೋವು, ಸೋಲು ಎರಡೂ ಬೇಗ ಬರುತ್ತವೆ. ಗೈಡ್‌ಗೆ ನೇರವಾಗಿ ಹೇಳಿ, ಬಂಡೆಯ ಮರೆ ನೋಡಿ ನಿಲ್ಲಿಸುತ್ತಾರೆ. ಕಾಲಿನ ಪಕ್ಕ ಪೂರ್ತಿ ಜಿಪ್ ಇರುವ ಪ್ಯಾಂಟ್ ಕೊಳ್ಳಿ. ಉಪಯೋಗಿಸಿದ ಪ್ಯಾಡ್, ಕಾಗದ ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ.

ಎತ್ತರಕ್ಕೆ ಮೈ ಒಗ್ಗುತ್ತದೆಯೇ?

ಹುಬ್ಬಳ್ಳಿ ಸಮುದ್ರಮಟ್ಟದಿಂದ 700 ಮೀಟರ್ ಕೂಡ ಇಲ್ಲ. 4,000 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ನೂರಕ್ಕೆ 60 ಪಾಲು ಮಾತ್ರ. ವಿಮಾನ ಇಳಿದ ಮರುದಿನವೇ ಏಣು ಹತ್ತಲು ಹೋಗಬೇಡಿ. ಗುಲ್ಮರ್ಗದಲ್ಲಿ ಮೂರು ನಾಲ್ಕು ದಿನ ಸಾದಾ ಸ್ಕೀಯಿಂಗ್ ಮಾಡಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು ಬಂದರೆ ಮೇಲೆ ಹೋಗುವುದು ನಿಲ್ಲಿಸಿ. ತೂರಾಡುವುದು, ಕೂತಾಗಲೂ ಏದುಸಿರು ಇದ್ದರೆ ಕೂಡಲೇ ಕೆಳಗಿಳಿದು ಡಾಕ್ಟರ್ ಕಾಣಿ. ಮಾತ್ರೆ ವಿಚಾರ ಹೊರಡುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಸಲಕರಣೆ ಎಲ್ಲ ಕೊಳ್ಳಬೇಕೇ?

ಬೂಟು ಮಾತ್ರ ಕೊಳ್ಳಿ, ಅದೂ ಎರಡನೇ ಚಳಿಗಾಲ ಮುಗಿದ ಮೇಲೆ. ಬಾಡಿಗೆ ಬೂಟಿನಲ್ಲಿ ಆರು ತಾಸು ಹತ್ತಿ ಹಿಮ್ಮಡಿಯ ಚರ್ಮ ಪೂರ್ತಿ ಕಿತ್ತು ಬಂದದ್ದನ್ನು ನೋಡಿದ್ದೇನೆ. ಸ್ಕೀ, ಬೈಂಡಿಂಗ್, ಸ್ಕಿನ್ ಗುಲ್ಮರ್ಗದಲ್ಲಿ ಬಾಡಿಗೆಗೆ ಸಿಗುತ್ತವೆ, ಟೂರಿಂಗ್ ಬಗೆಯದು ಕಡಿಮೆ ಇರುತ್ತವೆ, ಮುಂಚೆಯೇ ಹೇಳಿಡಿ. ಬೀಕನ್ ಸ್ವಂತದ್ದಿದ್ದರೆ ಒಳ್ಳೆಯದು. ವಿಮೆ ಮಾಡಿಸುವಾಗ ಗುರುತು ಹಾಕದ ಇಳಿಜಾರಿನ ಸ್ಕೀಯಿಂಗ್ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ. ಬಹಳಷ್ಟು ವಿಮೆಗಳಲ್ಲಿ ಇರುವುದಿಲ್ಲ.

ಯಾವಾಗ, ಹೇಗೆ ಹೋಗುವುದು?

ಡಿಸೆಂಬರ್ 21ರಿಂದ ನಲವತ್ತು ದಿನ ಕಾಶ್ಮೀರದವರು ಚಿಲ್ಲೈ ಕಲಾನ್ ಎನ್ನುತ್ತಾರೆ, ಅತಿ ಚಳಿಯ ಕಾಲ. ಅದರ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ ನನಗೆ ಹಿಡಿಸಿದ ಹೊತ್ತು. ದೆಹಲಿಯವರೆಗೆ ಹೇಗಾದರೂ ಹೋಗಿ, ಅಲ್ಲಿಂದ ಶ್ರೀನಗರಕ್ಕೆ ವಿಮಾನ. 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ನಡುವೆ ರೈಲೂ ಇದೆ. ಹಿಮ ಜೋರಾಗಿದ್ದರೆ ತಂಗ್‌ಮರ್ಗದಿಂದ ಮೇಲೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಮಾತ್ರ ಬಿಡುತ್ತಾರೆ. ಹಿಮಕ್ಕೆ ವಿಮಾನ ರದ್ದಾಗುವುದು ಮಾಮೂಲು. ವಾಪಸ್ ಬರುವ ಟಿಕೆಟ್‌ಗೂ ಆಫೀಸಿನ ರಜೆಗೂ ನಡುವೆ ಎರಡು ದಿನ ಬಿಡಿ. ಹೊರಡುವ ಮುನ್ನ ಅಲ್ಲಿಯ ಪರಿಸ್ಥಿತಿ, ಸರ್ಕಾರದ ಸೂಚನೆ ನೋಡಿಕೊಳ್ಳಿ.

ಅಷ್ಟು ದೂರ ಹೋಗಿ, ದುಡ್ಡು ಸುರಿದು, ಅರ್ಧಕ್ಕೇ ತಿರುಗಿ ಬರುವುದು ನಷ್ಟ ಅಲ್ವಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಜನ ಸಾಯುವುದು ಇದೇ ಲೆಕ್ಕದಿಂದ. ರಜೆ ನಾಲ್ಕೇ ದಿನ ಉಳಿದಿದೆ, ಗೈಡ್‌ಗೆ ದುಡ್ಡು ಕೊಟ್ಟಾಗಿದೆ, ಏಣು ಕಣ್ಣೆದುರು ಇದೆ. ಆ ಹೊತ್ತಿನಲ್ಲಿ ಬೆಟ್ಟದ ಗುರುತುಗಳು ಕಣ್ಣಿಗೆ ಬೀಳುವುದೇ ಇಲ್ಲ.

ನಾನು ಹೋದ ಟೂರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ತುದಿ ಮುಟ್ಟದೆ ತಿರುಗಿದ್ದೇನೆ. ಒಂದು ವರ್ಷ ಇಡೀ ಒಂಬತ್ತು ದಿನ ಕಾಡಿನ ಮೇಲೆ ಹೋಗಲೇ ಇಲ್ಲ. ಆದರೂ ಬೆಳಿಗ್ಗೆ ಬಾಬಾ ರೇಶಿ ಕಡೆಯ ಕಾಡಿನಲ್ಲಿ ಸ್ಕಿನ್ ಎಳೆಯುತ್ತಾ ನಡೆದೆವು, ಸಣ್ಣ ಇಳಿಜಾರಿನಲ್ಲಿ ಇಳಿದೆವು, ನರಿಯ ಹೆಜ್ಜೆ ನೋಡಿದೆವು. ಅದನ್ನು ನಾನು ನಷ್ಟದಲ್ಲಿ ಬರೆದಿಲ್ಲ.

ಗುಂಪಿನಲ್ಲಿ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಯಾರೊಬ್ಬರು ಬೇಡ ಎಂದರೂ ಎಲ್ಲರೂ ತಿರುಗಬೇಕು, ಕಾರಣ ಕೇಳಬಾರದು. ಇನ್ನೊಂದು, ಗಡಿಯಾರದ ಗೆರೆ. ನಮ್ಮದು ಮಧ್ಯಾಹ್ನ ಹನ್ನೆರಡೂವರೆ. ಎಲ್ಲಿದ್ದರೂ ಸರಿ, ಆ ಹೊತ್ತಿಗೆ ಮುಖ ಕೆಳಗೆ.

ನನಗೆ 50 ದಾಟಿದೆ, ಶುರು ಮಾಡಬಹುದೇ?

ಮೊಣಕಾಲು, ಎದೆ ಎರಡನ್ನೂ ಡಾಕ್ಟರ್‌ಗೆ ತೋರಿಸಿ. ಸರಿ ಎಂದರೆ ಶುರು ಮಾಡಿ. ನಿಧಾನವಾಗಿ ಹತ್ತುವ ಕೆಲಸದಲ್ಲಿ ವಯಸ್ಸಾದವರ ತಾಳ್ಮೆ ಹುಡುಗರಿಗೆ ಇರುವುದಿಲ್ಲ.

ಮನೆಯವರನ್ನು ಒಪ್ಪಿಸುವುದು ಹೇಗೆ?

ಸುಳ್ಳು ಹೇಳಬೇಡಿ. ನಮ್ಮ ಅವ್ವ ಮೊದಲ ವರ್ಷ, "ಊರಾಗ ಆರಾಮ ಇರೋದು ಬಿಟ್ಟು ಆ ಚಳ್ಯಾಗ ಯಾಕ ಹೋಗ್ತಿ?" ಎಂದು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನಾನು ಬೀಕನ್ ಅವಳ ಕೈಗೆ ಕೊಟ್ಟೆ. ಅದೇನು, ಯಾಕೆ ಎಂದು ಹೇಳಿದೆ. ಇನ್ನೊಂದನ್ನು ಹಿತ್ತಲಿನ ಕಟ್ಟಿಗೆ ರಾಶಿಯಲ್ಲಿ ಬಚ್ಚಿಟ್ಟು, ಹುಡುಕು ಎಂದೆ. ಬಾಣದ ಗುರುತು ನೋಡುತ್ತಾ, ಪಿಪ್ ಪಿಪ್ ಸದ್ದು ಜೋರಾದಂತೆ ಹೆಜ್ಜೆ ಚಿಕ್ಕದು ಮಾಡುತ್ತಾ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನಾಲ್ಕೇ ನಿಮಿಷದಲ್ಲಿ ಹುಡುಕಿದಳು. ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಆಮೇಲೆ ಕೇಳಿದ್ದು, "ನಿನ್ನ ಜೋಡಿ ಬರೋರಿಗೂ ಇದು ಹಿಂಗ ಹುಡಕಾಕ ಬರತೈತೇನು?"

ಪ್ರತಿ ವರ್ಷ ಹೊರಡುವ ಹಿಂದಿನ ದಿನ ಅದೇ ಪ್ರಶ್ನೆ ಕೇಳುತ್ತಾಳೆ. ಹೌದು ಎಂದ ಮೇಲೆ ಅಂಟಿನ ಉಂಡಿಯ ಡಬ್ಬಿ ಕೊಡುತ್ತಾಳೆ.